ಪೋಖರಾದಲ್ಲಿ ನಮ್ಮ ಕಾಕಾನ ಛಾಟ್ನಿ

ನಮ್ಮ ತೋಟ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ನಗುವುದು ಬೇಡ. ನಮ್ಮ ಮನೆಯ ಮೂವರು ನೇಪಾಳಕ್ಕೆ ಹೋದದ್ದು ದೇವರ ಪ್ರೇರಣೆಯಿಂದ ಅಲ್ಲ, ಆ ವರ್ಷ ದ್ರಾಕ್ಷಿಗೆ ಒಳ್ಳೆಯ ದರ ಸಿಕ್ಕಿದ್ದರಿಂದಲೂ ಅಲ್ಲ. ನನ್ನ ಗಂಟಲಿನಿಂದ.

ನನಗೆ ಕಂಡವರ ಧ್ವನಿ ತೆಗೆಯುವ ಚಟ. ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನೊಳಗೆ ಕೂಗುವವನು, ಸಕ್ಕರೆ ಕಾರ್ಖಾನೆಯ ಭೋಂಗಾ, ರೇಡಿಯೋದಲ್ಲಿ ಹವಾಮಾನ ಹೇಳುವ ಹೆಣ್ಣುಮಗಳು, ನಮ್ಮ ಮನೆಯ ಎಮ್ಮೆ, ಯಾರದನ್ನೂ ಬಿಟ್ಟಿಲ್ಲ. ನಿನ್ನ ಸ್ವಂತ ಧ್ವನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ಎಲ್ಲಕ್ಕಿಂತ ಸಲೀಸು ನಮ್ಮ ಕಾಕಾನದು. ಬೊಡ್ಡೆಗೆ ಕೊಡಲಿ ಹಾಕಿದಂತೆ ಒಂದು ಮಾತು, ಅಲ್ಲಿಗೆ ಮುಗಿಯಿತು.

ಕಾಕಾ ಎಂದರೆ ಅಪ್ಪನ ತಮ್ಮ. ಅಥಣಿಯಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ದ್ರಾಕ್ಷಿ ತೋಟ. ಅಂಗಿಯ ಬಗಲಗಿಸೆಯಲ್ಲಿ ಬೇರೆಯವರು ತಂಬಾಕಿನ ಚಂಚಿ ಇಟ್ಟುಕೊಂಡರೆ ಕಾಕಾ ಛಾಟ್ನಿ ಕತ್ತರಿ, ಅಂದರೆ ಬಳ್ಳಿ ಸವರುವ ಕತ್ತರಿ, ಇಟ್ಟುಕೊಳ್ಳುತ್ತಿದ್ದ. ಯಾರ ತೋಟಕ್ಕೆ ಹೋದರೂ, ಚಹಾ ಬರುವುದರೊಳಗೆ, ಮಾಲಕನನ್ನು ಒಂದು ಮಾತೂ ಕೇಳದೆ ನಾಲ್ಕು ಬಳ್ಳಿ ಕತ್ತರಿಸಿ ಕೈ ತೊಳೆದುಕೊಂಡಿರುತ್ತಿದ್ದ. ಕೈಗುಣ ಒಳ್ಳೆಯದೆಂದು ಜನ ಖುಷಿಪಡುತ್ತಿದ್ದರು. ಹಾಗಾಗಿ ಕೇಳುವುದು ಎಂಬ ಪದ್ಧತಿಯೇ ಅವನಿಗೆ ರೂಢಿಯಾಗಲಿಲ್ಲ.

ಕಾಕು ಅವನ ಹೆಂಡತಿ. ಆಕೆ ಕಂಡ ಜಗತ್ತು ಈಚೆ ಕೊಕಟನೂರ ಎಲ್ಲಮ್ಮನ ತನಕ, ಆಚೆ ಮಿರಜದ ದವಾಖಾನೆಯ ತನಕ. ಅಡುಗೆಮನೆಯ ಗೋಡೆಗೆ ಔಷಧದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಮೇಲೆ ಹಿಮದ ಗುಡ್ಡ, ಕೆಳಗೆ ಸಣ್ಣಗೆ 'ನೇಪಾಳ'. ವರ್ಷ ಮುಗಿದ ಮೇಲೆ ಕಾಕು ತಾರೀಖಿನ ಹಾಳೆ ಹರಿದು ಒಲೆಗೆ ಹಾಕಿ, ಗುಡ್ಡ ಮಾತ್ರ ಉಳಿಸಿಕೊಂಡಿದ್ದಳು.

"ಬಸು, ಇದು ಖರೇನ ಇಷ್ಟ ಬೆಳ್ಳಗ ಇರತೈತೋ, ಛಾಪಿಸಾವ್ರು ಬಣ್ಣಾ ಹಚ್ಚಿರತಾರೋ?" ಎಂದು ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು.

"ಹೋಗಿ ನೋಡಬೇಕ ಕಾಕು."

"ಯಾರ ಒಯ್ಯತಾರಪಾ ನನ್ನ. ಒಮ್ಮೆ ಕಣ್ಣಿಲೆ ನೋಡಬೇಕ ಅನಸತೈತಿ, ಅಷ್ಟ."

ಅಷ್ಟು ಹೇಳಿ ರೊಟ್ಟಿ ತಿರುವಿದಳು. ಮಧ್ಯಾಹ್ನ ನನಗೆ ಉಂಡ ಅನ್ನ ಅರಗಲಿಲ್ಲವೇನೋ, ಬಾಗಿಲ ಹಿಂದೆ ನಿಂತು ಕಾಕಾನ ಧ್ವನಿಯಲ್ಲಿ ಒದರಿದೆ: "ಏ, ಈ ಸಲ ಛಾಟ್ನಿ ಮುಗದ ಕೂಡಲೇ ನಿನ್ನ ನೇಪಾಳಕ್ಕ ಕರಕೊಂಡ ಹೋಗತೇನಿ. ಗುಡ್ಡಾ ನೋಡಿ ಬರೂಣು." ಆಮೇಲೆ ಓಡಿಹೋಗಿ ಕಣಕಿಯ ಬಣವೆಯ ಮರೆಗೆ ಕುಳಿತು, ಕಾಕು ಹೊರಗೆ ಬಂದು ಗಂಡನನ್ನು ಹುಡುಕುವ ಚಂದ ನೋಡಲು ಕಾದೆ.

ಕಾಕು ಹುಡುಕಲಿಲ್ಲ. ಸೀರೆ ಬದಲಿಸಿ, ಜೋಳದ ಡಬ್ಬಿ ಎತ್ತಿಕೊಂಡು ಹಿಟ್ಟಿನ ಗಿರಣಿಗೆ ನಡೆದಳು. ಗಿರಣಿಗೆ ಮುಟ್ಟಿದ ಸುದ್ದಿ ಊರಿಗೆ ಮುಟ್ಟಲು ಒಂದು ಡಬ್ಬಿ ಜೋಳ ಬೀಸುವಷ್ಟು ಹೊತ್ತು ಸಾಕು. ಸಂಜೆ ಮಿರಜದ ಬಜಾರಿನಿಂದ ಕಾಕಾ ಬಸ್ಸಿಳಿದರೆ, ಪಾನಂಗಡಿಯ ಮುಂದೆ ನಾಲ್ಕು ಜನ ಕೈ ಹಿಡಿದು ಕುಲುಕಿದರು. "ಪರದೇಶಕ್ಕ ಹೊಂಟೀರಂತ, ಅದೂ ಜೋಡೀಲೆ. ಭಾಳ ಚಲೋ ಆತ್ರಿ."

ಅಷ್ಟು ಮಂದಿಯ ಎದುರು 'ನಾ ಅಂದೇ ಇಲ್ಲ' ಎನ್ನಲು ಕಾಕಾನ ಮೀಸೆ ಒಪ್ಪಲಿಲ್ಲ. "ಹೂಂ, ಅಂದೇನಿ. ಏನೀಗ?" ಎಂದುಬಿಟ್ಟ. ಮನೆಗೆ ಬಂದು ನೆಟ್ಟಗೆ ಬಣವೆಯ ಹಿಂದಕ್ಕೇ ಬಂದ.

"ಲೇ ಬಸ್ಯಾ, ನನ್ನ ಬಾಯಿ ನೀ ಕಸಗೊಂಡಿ. ಇನ್ನ ನನ್ನ ಚೀಲಾನೂ ನೀನ ಹೊರು."

ಹೀಗೆ ನಾನು ಮೂರನೆಯವನಾದೆ.

ಚಿಕ್ಕೋಡಿ ಮತ್ತು ನಿಪ್ಪಾಣಿ

ಯೋಜನೆ ಹಾಕುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ. ಎಲ್ಲರೂ ಹಾಕುತ್ತಾರೆ, ಎಲ್ಲವೂ ಬೇರೆ ಬೇರೆ. ಪರದೇಶ ಎಂದ ಮೇಲೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟ್ ಎಂದ ಮೇಲೆ ಫೋಟೋ ಬೇಕು ಎಂದು ಅಪ್ಪ ಹೇಳಿದ. ಚಿಕ್ಕೋಡಿಯ ಸ್ಟುಡಿಯೋಕ್ಕೆ ಹೋದೆವು. ಫೋಟೋದವನು ಕಾಕಾನ ತಲೆಯ ಮೇಲಿನ ಟೊಪ್ಪಿಗೆ ತೆಗೆಯಲು ಹೇಳಿದ. ಕಾಕಾ ಒಲ್ಲೆನೆಂದ. "ಟೊಪಗಿ ಇಲ್ಲದ ಮಾರಿ ನಮ್ಮೂರಾಗ ಯಾರೂ ಗುರತಾ ಹಿಡಿಯೂದಿಲ್ಲ, ನೇಪಾಳದಾವ್ರು ಹಿಡೀತಾರೇನ?" ಟೊಪ್ಪಿಗೆ ಹಾಕಿಕೊಂಡೇ ತೆಗೆಸಿಕೊಂಡ.

ಅಲ್ಲಿಂದ ನಿಪ್ಪಾಣಿಗೆ. ಕಾಕಾನ ಜೊತೆ ಶಾಲೆ ಕಲಿತ ಒಬ್ಬ ತಂಬಾಕಿನ ವ್ಯಾಪಾರಿ ಅಲ್ಲಿದ್ದ. ಹಿಂದಿನ ವರ್ಷವಷ್ಟೇ ನೇಪಾಳ ನೋಡಿ ಬಂದಿದ್ದ. ವಖಾರಿಯಲ್ಲಿ ಕುಳಿತರೆ ತಂಬಾಕಿನ ಘಾಟಿಗೆ ಮೂವರಿಗೂ ಸೀನು. ಸೀನುಗಳ ನಡುವೆ ಅವನು ಹೇಳಿದ: "ಪಾಸ್‌ಪೋರ್ಟ್ ಯಾತಕ್ಕೋ ಮಾರಾಯಾ? ನಮ್ಮ ಮಂದಿಗೆ ಅಲ್ಲಿ ಹಂಗ ಬಿಡತಾರ."

ಕಾಕಾನಿಗೆ ಇದು ಸರಿಬರಲಿಲ್ಲ. "ಹಂಗ ಬಿಡೂದಾದ್ರ ಅದೆಂಥಾ ಪರದೇಶಲೇ? ಸಾಂಗಲಿಗೆ ಹ್ವಾದಂಗ ಆತಲ್ಲ."

ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡೇ ತನಗೆ ಬೇಕಾದದ್ದೊಂದನ್ನು ಕೇಳಿದಳು. "ಅಣ್ಣಾ, ಗುಡ್ಡಾ ಕಂಡಿತೇನ್ರಿ ನಿಮಗ?"

"ಗುಡ್ಡಾ? ನಾ ಭಾಳಷ್ಟು ಬಜಾರದಾಗ ಇದ್ನೆವಾ. ಪೋಖರಾದಾಗ ಒಂದೀಟ ನೋಡಿದೆ, ಬರೇ ಧೂಳ-ಮಂಜ. ಬ್ಯಾಸಿಗ್ಯಾಗ ಅದು ಹಂಗನ ಅಂತ. ನಶೀಬ ಇದ್ದವರಿಗೆ ಕಾಣತೈತಿ."

ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಹೋಗುವುದು ದ್ರಾಕ್ಷಿಯವರಿಗೆ ಸಾಧ್ಯವಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಛಾಟ್ನಿ. ಅಕ್ಟೋಬರದ್ದು ಹಣ್ಣಿಗಾಗಿ. ಹಣ್ಣು ಇಳಿಸಿದ ಮೇಲೆ ಏಪ್ರಿಲ್‌ನಲ್ಲಿ ಬಳ್ಳಿಯನ್ನು ಬೋಳಿಸಿಬಿಡುತ್ತಾರೆ, ಹೊಸ ಕಡ್ಡಿ ಬರಲಿ ಎಂದು. ಬೋಳಿಸಿದ ಬಳ್ಳಿ ಚಿಗುರುವ ತನಕ ಸಿಗುವ ಬಿಡುವೇ ಬಿಡುವು. ಅಷ್ಟರೊಳಗೆ ಹೋಗಿ ಬರಬೇಕು, ಆಮೇಲೆ ಒಂದು ದಿನವೂ ಇಲ್ಲ ಎಂದು ಕಾಕಾ ತೀರ್ಮಾನಿಸಿದ. ಕಾಕುವನ್ನು ಕೇಳಲಿಲ್ಲ. ಕೇಳಿದ್ದರೂ ಆಕೆ ಹೂಂ ಅನ್ನುತ್ತಿದ್ದಳು, ಆ ಮಾತು ಬೇರೆ.

ರೈಲು

ಮಿರಜದಲ್ಲಿ ಹತ್ತಿ, ಕಲ್ಯಾಣದಲ್ಲಿ ಗಾಡಿ ಬದಲಿಸಿ, ಗೋರಖಪುರದ ಕಡೆ ಹೊರಟೆವು. ಕಾಕು ಕಟ್ಟಿಕೊಂಡು ಬಂದ ಒಣ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ನೋಡಿದರೆ ನಾವು ನೇಪಾಳವನ್ನು ನೋಡಲು ಅಲ್ಲ, ಸಾಕಲು ಹೊರಟಂತಿತ್ತು. ಬೋಗಿಯಲ್ಲಿದ್ದವರೆಲ್ಲ ತಿಂದರು. ಒಬ್ಬ ಬಿಹಾರದ ಮುದುಕ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಟ್ಟಿ ನೋಡಿ, ಇದು ತಿನ್ನುವುದೋ ಬಾರಿಸುವುದೋ ಎಂದು ಕೇಳಿದ. ನಾನು ಬಾರಿಸಿ ತೋರಿಸಿದೆ.

ಕಾಕಾ ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದಾಗ ನನಗೆ ಅಂತಃಕರಣ ಉಕ್ಕಿ ಬಂತು. "ಕಾಕು, ಒಂದ ಮಾತ ಹೇಳತೇನಿ, ಬೈಬ್ಯಾಡ. ಅವತ್ತ ಬಾಗಲ ಹಿಂದ..."

"ನೀ ಅಂತ ಗೊತ್ತೈತಿ ತಗೋ."

ನಾನು ಕಣ್ಣು ಬಿಟ್ಟೆ.

"ನಿಮ್ಮ ಕಾಕಾ ನನಗ ಏನರೆ ಹೇಳೂಕಿಂತ ಮೊದಲ ಒಮ್ಮೆ ಕೆಮ್ಮತಾನ. ನೀ ಕೆಮ್ಮಲಿಲ್ಲ. ಮತ್ತ ಅಂವಾ 'ನಿನ್ನ ಕರಕೊಂಡ ಹೋಗತೇನಿ' ಅಂತ ಇಷ್ಟ ವರ್ಷದಾಗ ಒಮ್ಮೆರೆ ಅಂದಾನೇನ? ನೀ ಅಂದಿ. ಯಾರರೆ ಅಂದ್ರಲ್ಲ ಅಂತ ನಾ ಗಿರಣಿಗೆ ಹೋದೆ."

ಊರನ್ನೆಲ್ಲ ಬೇಸ್ತು ಬೀಳಿಸುವ ನಾನೇ ಬೇಸ್ತು ಬಿದ್ದಿದ್ದೆ. ಕಾಕು ಒಂದು ರೊಟ್ಟಿ ಮುರಿದು ಕೈಗೆ ಕೊಟ್ಟಳು.

ಸೋನೌಲಿಯ ಗಡಿ

ಗಡಿ ಎಂದರೆ ನಮಗೇನು ಹೊಸದಲ್ಲ. ಕಾಗವಾಡದಲ್ಲಿ ಈ ಕಡೆಯ ಬೋರ್ಡು ಕನ್ನಡ, ಆ ಕಡೆಯ ಬೋರ್ಡು ಮರಾಠಿ, ನಡುವೆ ಎರಡೂ ಭಾಷೆಯಲ್ಲಿ ಬೈಯುವ ನಾವು. ಗೋರಖಪುರದಿಂದ ಬಸ್ಸಿನಲ್ಲಿ ಬಂದು ಮುಟ್ಟಿದ ಸೋನೌಲಿಯೂ ಅಷ್ಟೇ. ಒಂದು ಕಮಾನು, ಈಚೆ ಧೂಳು, ಆಚೆ ಅದೇ ಧೂಳು. ಈಚೆಯ ಚಹಾದಂಗಡಿಯವನು ಆಚೆಯವನಿಂದ ಸಕ್ಕರೆ ಕಡ ತರುತ್ತಿದ್ದ. ಪೊಲೀಸನೊಬ್ಬ ಕಾಕಾನ ಟೊಪ್ಪಿಗೆ ನೋಡಿ, ಯಾರೋ ಮುಖಂಡನೆಂದುಕೊಂಡು, ಕೈ ಮುಗಿದು ಒಳಗೆ ಬಿಟ್ಟ. ಪರೀಕ್ಷೆಯೇ ಇಲ್ಲದೆ ಪಾಸಾದ ಹುಡುಗನಂತೆ ಕಾಕಾ ಮುಖ ಸಣ್ಣದು ಮಾಡಿಕೊಂಡ.

ಒಂದೇ ವ್ಯತ್ಯಾಸ, ಅವರ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ. ಕಾಕಾ ಕೈಗಡಿಯಾರ ತಿರುವಲು ಒಪ್ಪಲಿಲ್ಲ. "ಇವರಿಗೆ ಕಾಲ ತಾಸಿನ ಅವಸರ ಏನೈತಿ?" ಎಂದ. ಅವರಿಗೆ ಅವಸರವಿತ್ತು. ಪೋಖರಾದ ಬಸ್ಸು ಅವರ ಟೈಮಿಗೆ ಹೋಯಿತು, ನಾವು ಅಥಣಿ ಟೈಮಿಗೆ ಸ್ಟ್ಯಾಂಡಿಗೆ ಬಂದೆವು. ಮುಂದಿನ ಬಸ್ಸಿನಲ್ಲಿ ಕೊನೆಯ ಸೀಟು. ಘಟ್ಟದ ತಿರುವುಗಳಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾನು ತೆಗೆದ ಧ್ವನಿ ಯಾರ ನಕಲೂ ಅಲ್ಲ. ಆಗ ಗೊತ್ತಾಯಿತು, ನನಗೂ ಸ್ವಂತದ್ದೊಂದು ಇದೆ.

ಪೋಖರಾ, ಆಮಾಳ ಅಂಗಳ

ಕೆರೆಯ ಹತ್ತಿರ ಒಂದು ಮನೆಯಲ್ಲಿ ಇಳಿದುಕೊಂಡೆವು. ಮೇಲೆ ಮೂರು ಕೋಣೆ ಪ್ರವಾಸಿಗರಿಗೆ, ಕೆಳಗೆ ಮನೆಯೊಡತಿ. ವಯಸ್ಸಾದ ಹೆಂಗಸು. ಎಲ್ಲರೂ ಆಮಾ ಎನ್ನುತ್ತಿದ್ದರು, ಅಂದರೆ ನಮ್ಮಲ್ಲಿ ಅವ್ವ ಅಂದಂತೆ. ಗಂಡ ನಮ್ಮ ದೇಶದ ಸೈನ್ಯದಲ್ಲಿದ್ದವನು, ತೀರಿಕೊಂಡಿದ್ದ. ಅವನ ಹಿಂದೆ ಊರೂರು ದಂಡಿನ ಬಿಡಾರ ಸುತ್ತಿದ್ದರಿಂದ ಆಮಾಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಅದನ್ನು ಕನ್ನಡ ಮಾಡಿ ಹೇಳುತ್ತೇನೆ.

ಅಲ್ಲಿ ಎರಡು ಹೊತ್ತೂ ಅನ್ನ-ಬೇಳೆ, ಜೊತೆಗೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು. ಕಾಕು ಸೊಪ್ಪನ್ನು ಮೂಸಿ, ಕೈಸನ್ನೆಯಲ್ಲೇ ಆಮಾಳಿಂದ ಮಾಡುವ ಬಗೆ ತಿಳಿದುಕೊಂಡಳು. ಬದಲಿಗೆ ಶೇಂಗಾ ಹಿಂಡಿ ಕೊಟ್ಟಳು. ಆಮಾ ಒಂದು ಚಿಟಿಕೆ ಬಾಯಿಗೆ ಹಾಕಿ, ಕಣ್ಣೀರು ಒರೆಸಿಕೊಂಡು, ಡಬ್ಬಿಯನ್ನೇ ಇಸಿದುಕೊಂಡಳು.

ಮೊದಲ ಬೆಳಿಗ್ಗೆ ಕಾಕು ಮಾಳಿಗೆ ಹತ್ತಿ ಬಡಗಣಕ್ಕೆ ಮುಖ ಮಾಡಿ ಕುಳಿತಳು. ಅಲ್ಲಿ ಮೀನಿನ ಬಾಲದಂಥ ಹಿಮದ ಗುಡ್ಡವಿದೆ ಎಂದು ಆಮಾ ಬೆರಳು ತೋರಿಸಿದ್ದಳು. ಬೆರಳು ಕಂಡಿತು, ಗುಡ್ಡ ಕಾಣಲಿಲ್ಲ. ಬೂದಿ ಕಲಸಿದ ನೀರಿನಂಥ ಮಬ್ಬು.

ನಾನು ಕಾಕುವಿನ ಪಕ್ಕ ಆಕಳಿಸುತ್ತ ಕುಳಿತಿದ್ದಾಗ ಕೆಳಗಿನಿಂದ ಕಚ್, ಕಚ್ ಎಂದು ಕೇಳಿಸಿತು. ಹುಟ್ಟಿದಾಗಿನಿಂದ ಕೇಳಿದ ಸಪ್ಪಳ. ಇಲ್ಲಿ ಯಾಕೆ ಕೇಳುತ್ತಿದೆ ಎಂದು ಬಗ್ಗಿ ನೋಡಿದೆ.

ಅಂಗಳದ ತುಂಬ ಚಪ್ಪರಕ್ಕೆ ಹಬ್ಬಿದ್ದ ಒಂದು ದ್ರಾಕ್ಷಿ ಬಳ್ಳಿ ಇತ್ತು. ಇತ್ತು ಎಂದೆ. ಕಾಕಾ ಟೊಪ್ಪಿಗೆ ಹಿಂದಕ್ಕೆ ಸರಿಸಿಕೊಂಡು, ಸ್ಟೂಲಿನ ಮೇಲೆ ನಿಂತು ಕೊನೆಯ ಕಡ್ಡಿ ಕತ್ತರಿಸುತ್ತಿದ್ದ. ನೆಲದ ಮೇಲೆ ಎಲೆಯ ರಾಶಿ. ಚಪ್ಪರದ ಮೇಲೆ ಬೋಳು ತೋಳುಗಳು.

"ಹುಚ್ಚುಚ್ಚಾರ ಬೆಳದಿತ್ತಲೇ," ಎಂದ ನನ್ನನ್ನು ನೋಡಿ, ತೃಪ್ತಿಯಿಂದ. "ಏಪ್ರಿಲ್ ಮುಗಿಯಾಕ ಬಂದ್ರೂ ಯಾರೂ ಕತ್ತರಿ ಹಚ್ಚಿಲ್ಲ."

ಅಷ್ಟರಲ್ಲಿ ಆಮಾ ಹಾಲು ತೆಗೆದುಕೊಂಡು ಗೇಟು ತೆರೆದಳು. ಚಪ್ಪರ ನೋಡಿದಳು. ಕೂಗಾಡಲಿಲ್ಲ. ಹಾಲಿನ ಪಾತ್ರೆ ಕೆಳಗಿಟ್ಟು, "ಯಾರನ್ನು ಕೇಳಿ ಕಡಿದಿರಿ?" ಎಂದಳು.

ಕಾಕಾ ತನ್ನ ಹಿಂದಿಯಲ್ಲಿ, ಅಂದರೆ ಮುಕ್ಕಾಲು ಮರಾಠಿಯಲ್ಲಿ, "ಆಮಾ, ಏಪ್ರಿಲ್ ಮೇ ಛಾಟ್ನಿ ಕರನಾಚ ಪಡತಾ" ಎಂದ, ಏಪ್ರಿಲ್‌ನಲ್ಲಿ ಛಾಟ್ನಿ ಮಾಡಲೇಬೇಕು ಎಂದು.

ಆಮಾ ಬಗ್ಗಿ ರಾಶಿಯಿಂದ ಒಂದು ಕಡ್ಡಿ ಎತ್ತಿ ಅವನ ಮುಂದೆ ಹಿಡಿದಳು. ಎಲೆಯ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹೂವಿನ ಗೊನೆ. "ಇದು ಈ ವರ್ಷದ ಹಣ್ಣು. ಮಳೆಗಾಲಕ್ಕೆ ತಿನ್ನುತ್ತಿದ್ದೆವು. ಬಳ್ಳಿ ನನ್ನ ಯಜಮಾನರು ಡೆಹ್ರಾಡೂನಿನಿಂದ ಒದ್ದೆ ಕಾಲುಚೀಲದಲ್ಲಿ ಸುತ್ತಿ ತಂದದ್ದು."

ಕಾಕಾ ಗೊನೆ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಅವನ ಮುಖ ಇಳಿಯುವುದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಕತ್ತರಿಸುವಾಗ ಅವನು ಆ ಹೂವನ್ನು ಕಂಡಿದ್ದನಂತೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ಎಂದುಕೊಂಡನಂತೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೂವಿಗೆ ಏನು ಕೆಲಸ?

"ಲೇ ಬಸ್ಯಾ," ಎಂದ ಮೆಲ್ಲಗೆ, "ಇಲ್ಲಿ ಥಂಡೀನ ಎಲಿ ಉದರಿಸಿ ಬಳ್ಳಿಗೆ ಛಾಟ್ನಿ ಮಾಡತೈತಿ. ನಾ ಯಾವ ಊರಾಗ ನಿಂತೇನಿ ಅನ್ನೂದ ಮರತೆ."

ಕೊಡೆ ಮತ್ತು ಬುಟ್ಟಿ

ಮರುದಿನದಿಂದ ಆಮಾ ಮಾಡಿದ್ದು ಇಷ್ಟೇ. ದಿನಾ ಚಪ್ಪರದ ನೆರಳಲ್ಲಿ ಎಲ್ಲಿ ಕುಳಿತು ಕಾಳು ಆರಿಸುತ್ತಿದ್ದಳೋ ಅಲ್ಲಿಯೇ ಕುರ್ಚಿ ಹಾಕಿಕೊಂಡು, ಬಿಸಿಲಲ್ಲಿ ಕಪ್ಪು ಕೊಡೆ ಬಿಚ್ಚಿ, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಕಾಳು ಆರಿಸಿದಳು. ಕಾಕಾನಿಗೆ ಚಹಾ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ನಾಲ್ಕು ಬೈಗುಳ ಬೈದಿದ್ದರೆ ಕಾಕಾ ಬಿಲ್ಲು ಕೊಟ್ಟು ಬಸ್ಸು ಹತ್ತುತ್ತಿದ್ದನೇನೋ. ಆ ಕೊಡೆ ಅವನನ್ನು ಕಟ್ಟಿಹಾಕಿತು.

"ಕಣ್ಣ ಒಡಿಯೂ ತನಕಾ ನಾ ಇಲ್ಲಿಂದ ಏಳೂದಿಲ್ಲ," ಎಂದ. ಕಣ್ಣು ಎಂದರೆ ಬಳ್ಳಿಯ ಗೆಣ್ಣಿನಲ್ಲಿ ಚಿಗುರು ಹೊರಬರುವ ಜಾಗ. "ಬಳ್ಳಿ ಕೊಂದ ಹೋದ ಅನಸ್ಕೊಂಡ ಊರಿಗೆ ಹೋಗಲ್ಯಾ?"

"ನಮ್ಮ ತ್ವಾಟಾ?" ಎಂದೆ.

"ನಿಮ್ಮಪ್ಪ ಅದಾನಲ್ಲ."

ನಮ್ಮಪ್ಪನ ಮೇಲೆ ಅವನಿಗೆ ಅಷ್ಟು ಭರವಸೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ.

ಕಾಕು ಕಂಬಳಿ ಎತ್ತಿಕೊಂಡು ಮಾಳಿಗೆಗೆ ಹೋದಳು.

ಆಮೇಲಿನ ದಿನಗಳ ಚಿತ್ರ ಹೀಗೆ: ಮೇಲೆ ಕಾಕು ಬಡಗಣ ನೋಡುತ್ತಾಳೆ, ಕೆಳಗೆ ಕಾಕಾ ಬಳ್ಳಿ ನೋಡುತ್ತಾನೆ, ನಡುವೆ ಕೊಡೆಯ ಕೆಳಗೆ ಆಮಾ ಯಾರನ್ನೂ ನೋಡುವುದಿಲ್ಲ. ನಾನು ಮೆಟ್ಟಿಲ ಮೇಲೆ. ಮೇಲೂ ಏನೂ ಇಲ್ಲ, ಕೆಳಗೂ ಏನೂ ಇಲ್ಲ ಎಂದು ಸುದ್ದಿ ಒಯ್ಯುವುದು ನನ್ನ ಕೆಲಸ.

ಕಾಕಾ ಕಡಿದ ಗಾಯಗಳಿಗೆ ಸುಣ್ಣ ಕಲಸಿ ಹಚ್ಚಿದ. ಗೊಬ್ಬರ ಬೇಕೆಂದು ಪಕ್ಕದ ಹಟ್ಟಿಗೆ ಹೋದ. ಅಲ್ಲಿ ಬುಟ್ಟಿಯನ್ನು ಬೆನ್ನ ಮೇಲೆ ಹೊತ್ತು, ಅದರ ಪಟ್ಟಿಯನ್ನು ಹಣೆಗೆ ಸಿಗಿಸಿಕೊಳ್ಳುತ್ತಾರೆ. ಕಾಕಾ ಪಟ್ಟಿಯನ್ನು ಟೊಪ್ಪಿಗೆಯ ಮೇಲಿಂದಲೇ ಸಿಗಿಸಿಕೊಂಡು, ಧೋತರದ ಚುಂಗು ಸಿಕ್ಕಿಸಿ, ದಾರಿಯುದ್ದಕ್ಕೂ ಸಗಣಿ ಗೊಬ್ಬರ ಹೊತ್ತು ತಂದ. ಟೊಪ್ಪಿಗೆ ಮೂಗಿನ ತನಕ ಇಳಿದಿತ್ತು. ನಾನು ಆಮಾಳ ಮುಂದೆ ಅದೇ ನಡಿಗೆ ನಡೆದು ತೋರಿಸಿದೆ, ಕೆಮ್ಮಿನ ಸಮೇತ. ಕೊಡೆ ಅಲುಗಾಡಿತು. ಒಳಗೆ ಆಮಾ ನಗುತ್ತಿದ್ದಳು.

"ನಗಸೂದಿದ್ರ ನೀನೂ ಒಂದ ಬುಟ್ಟಿ ಹೊತ್ತ ನಗಸಲೇ," ಎಂದ ಕಾಕಾ. ಎರಡನೆಯ ಬುಟ್ಟಿ ನಾನು ಹೊತ್ತೆ. ಆಮಾ ಇನ್ನೂ ಹೆಚ್ಚು ನಕ್ಕಳು.

ಕಾಕುವನ್ನು ನಗಿಸುವುದು ಅಷ್ಟು ಸುಲಭವಾಗಲಿಲ್ಲ. "ಕಾಣದಿದ್ರ ಇರಲಿ ಬಿಡಪಾ," ಎನ್ನುತ್ತಿದ್ದಳು, ಕಣ್ಣು ಮಾತ್ರ ತೆಗೆಯುತ್ತಿರಲಿಲ್ಲ. "ಗಿರಣ್ಯಾಗ ಏನ ಹೇಳ್ಲಿ ಅಂತ ವಿಚಾರ ಮಾಡಾಕತ್ತೇನಿ. ಮಬ್ಬ ನೋಡಿ ಬಂದೆ ಅಂದ್ರ ನಗತಾರ."

ಒಂದು ಬೆಳಿಗ್ಗೆ ಕಾಕಾ ಎಲ್ಲರನ್ನೂ ಕರೆದ. ಗೆಣ್ಣಿನಲ್ಲಿ ಹತ್ತಿಯ ಎಳೆಯಷ್ಟು ಬಿಳುಪು, ಅದರ ತುದಿಗೆ ಗುಲಾಬಿ ಬಣ್ಣ. ಒಂದಲ್ಲ, ತೋಳಿನ ಉದ್ದಕ್ಕೂ. ಆಮಾ ಕೊಡೆ ಮಡಿಸಿ ಹತ್ತಿರ ಬಂದು, ಕನ್ನಡಕ ಏರಿಸಿ ನೋಡಿದಳು. ಕಾಕಾ ಒಮ್ಮೆ ಕೆಮ್ಮಿದ. ಕಡಿದ ಕಡ್ಡಿಗಳಲ್ಲಿ ಗಟ್ಟಿಯಾದ ಒಂದನ್ನು ಅವನು ಒದ್ದೆ ಮರಳಿನಲ್ಲಿ ಹೂಳಿಟ್ಟಿದ್ದ. ಅದನ್ನು ಊರಿಗೆ ಒಯ್ಯಲೇ ಎಂದು ನನ್ನ ಕಡೆಯಿಂದ ಕೇಳಿಸಿದ.

"ಕೇಳುವುದೂ ಬರುತ್ತದಾ ಇವರಿಗೆ?" ಎಂದಳು ಆಮಾ. ಒಳಗೆ ಹೋಗಿ ಹಳೆಯದೊಂದು ಕಾಲುಚೀಲ ಒದ್ದೆ ಮಾಡಿ ತಂದು ಕೊಟ್ಟಳು.

ಮಾಳಿಗೆ

ಕಾಕಾನ ಕೆಲಸ ಮುಗಿದಿತ್ತು. ಅವತ್ತೇ ಬಸ್ಸಿನ ಟಿಕೀಟು ತಂದ. ಮರುದಿನ ಬೆಳಿಗ್ಗೆ ಹೊರಡುವುದು. ಕಾಕು ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ತುಂಬುತ್ತ ಎರಡು ಸಲ ಎದ್ದು ಬಡಗಣದ ಕಿಟಕಿಗೆ ಹೋಗಿ ಬಂದಳು. ನಾನು ಯಾರ ಧ್ವನಿಯನ್ನೂ ತೆಗೆಯಲಿಲ್ಲ, ಆ ಹೊತ್ತಿಗೆ ಯಾವುದೂ ಹೊಂದುವಂತಿರಲಿಲ್ಲ.

ಸಂಜೆ ಗಾಳಿ ಎದ್ದಿತು. ಆಮೇಲೆ ಆಲಿಕಲ್ಲಿನ ಮಳೆ, ತಗಡಿನ ಮೇಲೆ ಕಾಳು ಸುರಿದಂತೆ. ಕಾಕಾ ಗೋಣಿಚೀಲ ಹಿಡಿದು ಓಡಿದ, ಚಿಗುರಿಗೆ ಹೊದಿಸಲು. ಆಮಾ ಇನ್ನೊಂದು ತುದಿ ಹಿಡಿದಳು.

ಬೆಳಿಗ್ಗೆ ಚೀಲ ಬಾಗಿಲಲ್ಲಿತ್ತು. ಕಾಕು ಇರಲಿಲ್ಲ. ಕರೆಯಲು ಮಾಳಿಗೆಗೆ ಹೋದೆ. ಆಕೆ ನಿಂತಿದ್ದಳು, ಕಂಬಳಿ ಕೆಳಗೆ ಬಿದ್ದಿತ್ತು. ನಾನು ಎದುರಿಗೆ ನೋಡಿದೆ. ತೊಳೆದಿಟ್ಟಂಥ ಹಸಿರು ಗುಡ್ಡಗಳು, ಅಷ್ಟೇ. ಕಾಕು ನನ್ನ ಗದ್ದ ಹಿಡಿದು ಮೇಲಕ್ಕೆ ಎತ್ತಿದಳು.

ಇಷ್ಟು ದಿನ ನಾವು ತೀರ ಕೆಳಗೆ ಹುಡುಕಿದ್ದೆವು. ಮೋಡ ಇರಬೇಕಾದ ಎತ್ತರದಲ್ಲಿ, ಆಕಾಶದ ನಟ್ಟನಡುವೆ, ಅದು ನಿಂತಿತ್ತು. ಬಿಸಿಲು ತುದಿಗೆ ಮಾತ್ರ ಹತ್ತಿತ್ತು. ನನಗೆ ಅದರ ನಕಲು ಮಾಡಲು ಬರುವುದಿಲ್ಲ.

ಕಾಕಾ ಏದುಸಿರು ಬಿಡುತ್ತ ಮೇಲೆ ಬಂದ, ಕೈಯಲ್ಲಿ ಒದ್ದೆ ಕಾಲುಚೀಲ. ನೋಡಿದ. ಟೊಪ್ಪಿಗೆ ಸರಿಮಾಡಿಕೊಂಡ. ಕೆಳಗೆ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು.

"ನೋಡಿದಿ ಅಲಾ?" ಎಂದ ಕಾಕಾ. "ಆತಿನ್ನ, ನಡಿ. ಬಸ್ ತಪ್ಪಿದ್ರ ರೈಲೂ ತಪ್ಪತೈತಿ. ಗುಡ್ಡದ ಮುಂದ ಎಷ್ಟ ಹೊತ್ತ ಅಂತ ನಿಂದ್ರೂದು."

ಕಾಕು ತಿರುಗಿ ನೋಡಲಿಲ್ಲ.

"ಕಡದ ಬಳ್ಳಿ ಮುಂದ ನೀವು ಎಷ್ಟ ದಿನಾ ಕುಂತ್ರಿ, ನನ್ನ ಗುಡ್ಡದ ಮುಂದನೂ ಅಷ್ಟ ದಿನಾ ಕುಂಡರ್ರಿ."